ಟಕ್ ಎನ್ನಬೇಕು

ಸಾಗರದ ಜೋಗ ರಸ್ತೆಯಲ್ಲಿ ನನ್ನದು ಸೀಟ್ ಕವರಿನ ಅಂಗಡಿ.
ಆಟೋ, ಲೂನಾ, ಹಳೇ ಜೀಪು, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ,
ಕೂರುವುದೇನಿದ್ದರೂ ಹೊಲಿದಿದ್ದೇನೆ.
ಮಾತಾಡುವುದಕ್ಕೆ ಹೊಲಿದದ್ದು ಅದೊಂದೇ ಸಲ.

ಕೆರಿಯಪ್ಪ ಬಂದಾಗ ಷಟರು ಅರ್ಧ ಎಳೆದಾಗಿತ್ತು.
ಹೊಳೆಬಾಗಿಲಿನಲ್ಲಿ ಲಾಂಚಿಗೆ ಗಾಡಿ ಹತ್ತಿಸುವವರು.
'ಹಿಂದ್ ಬಾ, ಹಿಂದ್ ಬಾ, ಸಾಕ್ ಸಾಕ್' ಎಂದು
ಬಸ್ಸನ್ನೂ ಎಮ್ಮೆಯ ಹಾಗೆ ಹಿಂದಕ್ಕೆ ನಡೆಸುತ್ತಿದ್ದ ಗಂಟಲನ್ನು
ಮಣಿಪಾಲದಲ್ಲಿ ತೆಗೆದರಂತೆ.
ಈಗ ಕೊರಳಿಗೊಂದು ಚೌಕಳಿ ಕರ್ಚೀಫು,
ಕೈಯಲ್ಲೊಂದು ಫೋನು:
ಹೆಬ್ಬೆರಳಲ್ಲಿ ನೂಕಿದರೆ ಅಡಿಯಿಂದ ಕೀಲಿಮಣೆ ಜಾರಿ ಬರುವ,
ಎಲ್ಲರೂ ಕೈಬಿಟ್ಟ ಮಾದರಿ.
ಟಕ್.
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ನನ್ನ ಮುಖಕ್ಕೆ ಹಿಡಿದರು:
ಇದಕ್ಕೊಂದು ಚೀಲ ಬೇಕು. ಹೊಳೆ ನೀರು ಹಾರತ್ತೆ.

ಮೊದಲು ಹೊಲಿದದ್ದು ಕನ್ನಡಕದ ಡಬ್ಬಿಯಂಥದು.
ಹಿಡಿಯಲು ಒಂದು ಕೈ, ಎಳೆಯಲು ಒಂದು ಕೈ.
ಗಾಡಿಯವನಿಗೆ ತೋರಿಸೋ ಕೈಯನ್ನೂ ನೀವೇ ಹೊಲಿದು ಕೊಡಿ,
ಎಂದು ಕುಟ್ಟಿ, ಹೆಗಲು ಕುಲುಕಿಸಿ ನಕ್ಕರು.

ಎರಡನೆಯದಕ್ಕೆ ಪಕ್ಕದಲ್ಲಿ ಬಾಯಿ ಕೊಯ್ದೆ.
ಕೀಲಿಮಣೆ ಅರ್ಧ ಬಂದು
ರೆಕ್ಸಿನ್ನಿನ ಅಂಚಿಗೆ ಸಿಕ್ಕಿ ಅಲ್ಲೇ ನಿಂತಿತು.

ರಾತ್ರಿ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣವನ್ನು
ನೂಕುತ್ತ ಮುಚ್ಚುತ್ತ ಕೂತೆ.
'ಹಚ್ಚೋದಿದ್ರೆ ಹಚ್ಚು, ಇಲ್ಲಾ ಇಡು' ಎಂದಳು ಅಮ್ಮ.
ಹೊಳೆಯಿತು. ಚೀಲ ಒಂದಲ್ಲ, ಎರಡು.
ಮೇಲಿನ ಅರ್ಧಕ್ಕೊಂದು ಅಂಗಿ, ಕೆಳಗಿನದಕ್ಕೆ ಇನ್ನೊಂದು,
ನಡುವೆ ಉಗುರಿನಷ್ಟು ಸಂದು.

ಆದರೆ ರೆಕ್ಸಿನ್ನಿನ ಮೇಲೆ ರೆಕ್ಸಿನ್ ಜಾರುವುದಿಲ್ಲ, ಹಟ ಹಿಡಿಯುತ್ತದೆ.
ಪೌಡರ್ ಉದುರಿಸಿದೆ. ಮೇಣ ಉಜ್ಜಿದೆ.
'ತೆಳ್ಳಗೆ, ಗಟ್ಟಿ, ನುಣ್ಣಗೆ ಏನಾದರೂ ಬೇಕು' ಎಂದೆ.
ಮರುದಿನ ಒಂದು ಕಂದು ಲಕೋಟೆ ತಂದರು, ಉದ್ದದ್ದು.
ಎಕ್ಸ್‌ರೇ.
ಟ್ಯೂಬ್‌ಲೈಟಿಗೆ ಹಿಡಿದೆ: ಹೊಗೆಯಲ್ಲಿ ಮಾಡಿದಂಥ ಕುತ್ತಿಗೆ,
ಕೆಳದವಡೆ, ಮೂಲೆಯಲ್ಲಿ ತಪ್ಪಾಗಿ ಬರೆದ ಹೆಸರು.
ನಾನು ಅವರನ್ನು ನೋಡಿದೆ.
ಅವರು ಕತ್ತರಿಯನ್ನು ನೋಡಿದರು.
ಕೊಯ್ದೆ.

ಒಳಗೆ ಫೆಲ್ಟಿನ ಮೆತ್ತೆ ಕೂಡಿಸಿದೆ, ಅದು ನನ್ನ ಉಪಚಾರ.
ನೂಕಿದರು.
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು, ಸದ್ದೇ ಇಲ್ಲ.
ನಾನು ಬೀಗುತ್ತಿದ್ದೆ. ಅವರು ತಲೆಯಾಡಿಸಿದರು, ಬೇಡ.
ಬಹಳ ಹೊತ್ತು ಕುಟ್ಟಿದರು:
ಸದ್ದು ಬೇಕು. ಟಕ್ ಅಂದ್ರೇನೇ ಜನ ತಿರುಗಿ ನೋಡೋದು.
ಮಾತಿಗೆ ಮುಂಚೆ ಕೆಮ್ಮಿ ಗಂಟಲು ಸರಿ ಮಾಡ್ಕೋತೀವಲ್ಲ, ಅದು ಇದು.

ಫೆಲ್ಟು ಕಿತ್ತೆ.
ಸ್ಪ್ರಿಂಗ್ ಬಡಿಯುವ ಮೂಲೆಯಲ್ಲಿ ಆರು ತೂತು ಹೊಡೆದೆ,
ಹಳೇ ರೇಡಿಯೋದ ಮುಖಕ್ಕೆ ಇರುತ್ತಿದ್ದಂಥವು.
'ನೀರು ಹೋಗುತ್ತಲ್ಲ?' ಎಂದೆ.
ಭುಜ ಹಾರಿಸಿದರು.

ಪಟ್ಟಿಯನ್ನು ಕೊರಳಿಗೆ ಅಳೆಯಹೋದೆ.
ಅವರ ಕೈ ಕರ್ಚೀಫಿನ ಮೇಲೆ ಹೋಗಿ ಕೂತಿತು.
ನಾನೂ ಏನೂ ಹೇಳಲಿಲ್ಲ, ಟೇಪನ್ನು ಭುಜಕ್ಕೆ ಸರಿಸಿ
ಕಂಡಕ್ಟರ ಚೀಲದ ಹಾಗೆ ಅಡ್ಡಕ್ಕೆ ಅಳೆದೆ.
ಮೂವತ್ತೆಂಟು ಇಂಚು.

ನೂರೆಂಬತ್ತು ಹೇಳಿದೆ.
ಟಕ್.
ಎದುರಿನ ಚಾ ಅಂಗಡಿಯಲ್ಲಿ ಇಬ್ಬರು ತಿರುಗಿದರು.
ಜಾಸ್ತಿ ಆಯ್ತು ಮಾರಾಯ್ತಿ, ನೂರಿಪ್ಪತ್ತು ಮಾಡು, ಎಂದಿತ್ತು ಪರದೆ,
ಕೊನೆಗೆ ಮೂರು ಉದ್ಗಾರ ಚಿಹ್ನೆ.
ಇಷ್ಟು ಗಟ್ಟಿಯಾಗಿ ಚೌಕಾಸಿ ಮಾಡಿದವರನ್ನು ನಾನು ಕಂಡಿಲ್ಲ.
ನೂರೈವತ್ತಕ್ಕೆ ನಿಂತಿತು.

ಕುತ್ತಿಗೆಯ ಭಾಗ ಅವರ ಚೀಲದೊಳಗೆ ಹೋಯಿತು.
ದವಡೆಯ ತುಂಡು ನನ್ನಲ್ಲೇ ಉಳಿದು
ಮೆಷಿನ್ನಿನ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ.
ಮಧ್ಯಾಹ್ನದ ಬಿಸಿಲಿಗೆ ಹಲ್ಲುಗಳು ಕಾಣುತ್ತವೆ,
ಗಿರಾಕಿಗಳು ಯಾರದ್ದೆಂದು ಕೇಳುತ್ತಾರೆ.
ಅದರ ಹಿಂದೆ ಒಂದು ರಟ್ಟಿನ ಅಳತೆ,
ಸೀಮೆಸುಣ್ಣದಲ್ಲಿ ಬರೆದಿದ್ದೇನೆ: ಕೆರಿಯಪ್ಪ. ಎರಡು ಅಂಗಿ. ಫೆಲ್ಟು ಬೇಡ.

ಆ ಅಳತೆಯ ಫೋನು ಆಮೇಲೆ ಯಾರೂ ತರಲಿಲ್ಲ.